ಪರಿವರ್ತಕದ ಒಡಲೊಳಗಿನ ಮಿಂಚು

ಮುಂಗಾರಿನ ಮೋಡಗಳು ಇನ್ನೂ ಹತ್ತಾರು ಹರದಾರಿ ದೂರದಲ್ಲಿರುವಾಗಲೇ ಮನೆಯ ಮೂಲೆಯಲ್ಲಿರುವ ಹಳೆಯ ರೇಡಿಯೋ ಅವುಗಳ ಆಗಮನವನ್ನು ಸಾರುವುದುಂಟು. ವಾರ್ತೆಯೋ ಸಂಗೀತವೋ ಕೇಳಿಬರುತ್ತಿರುವಾಗ ನಡುನಡುವೆ ಕರಕರ ಎಂಬ ಒರಟು ಸದ್ದು ತೂರಿಕೊಳ್ಳುತ್ತದೆ; ಅದೇ ಕ್ಷಣದಲ್ಲಿ ದಿಗಂತದ ಅಂಚಿನಲ್ಲೆಲ್ಲೋ ಮಿಂಚು ಹೊಳೆದಿರುತ್ತದೆ. ಗುಡುಗಿನ ಶಬ್ದವು ಅಷ್ಟು ದೂರದಿಂದ ನಮ್ಮ ಕಿವಿಯನ್ನು ಮುಟ್ಟಲಾರದು. ಆದರೆ ಮಿಂಚು ಹುಟ್ಟಿಸಿದ ವಿದ್ಯುತ್ಕಾಂತ ತರಂಗಗಳು ಬಯಲನ್ನು ದಾಟಿ ಬಂದು ರೇಡಿಯೋ ಪೆಟ್ಟಿಗೆಯನ್ನು ತಲುಪುತ್ತವೆ. ವಿದ್ಯುತ್ತಿನ ಕಿಡಿ ಎಲ್ಲಿಯೇ ಹಾರಲಿ, ಎಷ್ಟೇ ಚಿಕ್ಕದಾಗಿರಲಿ, ಅದು ಇಂಥ ತರಂಗಗಳನ್ನು ಹೊಮ್ಮಿಸದೆ ಇರುವುದಿಲ್ಲ.

ಈ ಸಾಮಾನ್ಯವಾದ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು ಎಂಜಿನಿಯರುಗಳು ಇಂದು ಒಂದು ಉಪಯುಕ್ತವಾದ ವಿದ್ಯೆಯನ್ನು ರೂಢಿಸಿದ್ದಾರೆ. ದಪ್ಪ ಉಕ್ಕಿನ ತೊಟ್ಟಿಯೊಳಗೆ, ಸಾವಿರಾರು ಲೀಟರ್ ಎಣ್ಣೆಯಲ್ಲಿ ಮುಳುಗಿರುವ ಭಾರಿ ವಿದ್ಯುತ್ ಪರಿವರ್ತಕಗಳ ಒಳಗೆ ಕಣ್ಣಿಗೆ ಕಾಣದಂತೆ ಹುಟ್ಟುವ ಕಿರುಮಿಂಚುಗಳನ್ನು ರೇಡಿಯೋ ಗ್ರಾಹಕಗಳ ಮೂಲಕ ಆಲಿಸಿ, ಆ ಪರಿವರ್ತಕಕ್ಕೆ ಒದಗಲಿರುವ ಅಪಾಯವನ್ನು ಮುಂಗಡವಾಗಿ ಅರಿಯುವ ವಿದ್ಯೆ ಅದು. ಪರಿವರ್ತಕವೆಂದರೆ ಜನರ ಬಾಯಲ್ಲಿ ಟ್ರಾನ್ಸ್‌ಫಾರ್ಮರ್.

ಬೆಳಕಿನ ಹಾದಿ

ಮೊದಲು ನಮ್ಮ ನಾಡಿನದೇ ಒಂದು ಭಾಗವನ್ನು ನೋಡೋಣ. ಹಿಂದೆ ಬಿಜಾಪುರವೆಂದು ಕರೆಯಲ್ಪಡುತ್ತಿದ್ದು 2014ರಲ್ಲಿ ವಿಜಯಪುರವೆಂದು ಹೆಸರಾದ ಜಿಲ್ಲೆಯಲ್ಲಿ ಇಂಡಿ ಮತ್ತು ಸಿಂದಗಿ ಭೀಮಾನದಿಯ ಕಡೆಗಿವೆ. ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳ ಕೃಷ್ಣೆಯ ಕಡೆಗಿವೆ. ಮಳೆ ಕಡಿಮೆ, ಬಂದರೂ ನಂಬುವಂತಿಲ್ಲ. ಬೇಸಿಗೆಯಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ. ಇಂಡಿಯ ನಿಂಬೆಯ ತೋಟಗಳು ಆ ದಿನಗಳಲ್ಲಿ ಬಾವಿ ಮತ್ತು ಕೊಳವೆಬಾವಿಗಳ ನೀರನ್ನೇ ನೆಚ್ಚಿಕೊಂಡು ನಿಲ್ಲುತ್ತವೆ. ಆಲಮಟ್ಟಿಯ ಜಲಾಶಯದಿಂದ ಮುಳವಾಡ, ಚಿಮ್ಮಲಗಿ ಏತ ನೀರಾವರಿ ಯೋಜನೆಗಳು ಎತ್ತರದ ಭೂಮಿಗೆ ನೀರನ್ನು ಸಾಗಿಸುವುದೂ ಪಂಪುಗಳ ಮೂಲಕವೇ. ಇಲ್ಲಿ ವಿದ್ಯುತ್ತು ನಿಂತಿತೆಂದರೆ ದೀಪ ಆರುವುದು ಮಾತ್ರವಲ್ಲ, ನೀರೂ ನಿಲ್ಲುತ್ತದೆ. ವರ್ಷಗಟ್ಟಲೆ ಸಾಕಿ ಬೆಳೆಸಿದ ನಿಂಬೆಯ ಗಿಡವು ಕಡುಬೇಸಿಗೆಯಲ್ಲಿ ಹಲವು ದಿನ ನೀರು ಕಾಣದಿದ್ದರೆ ಆಗುವ ನಷ್ಟವು ಆ ವರ್ಷದ ಫಸಲಿಗೆ ಮಾತ್ರ ಸೀಮಿತವಾಗುವುದಿಲ್ಲ.

ವಿಶೇಷವೇನೆಂದರೆ, ಈ ಪ್ರದೇಶವು ವಿದ್ಯುತ್ತನ್ನು ಬಳಸುವುದಷ್ಟೇ ಅಲ್ಲ, ದೊಡ್ಡ ಪ್ರಮಾಣದಲ್ಲಿ ಉತ್ಪಾದಿಸುತ್ತದೆ ಕೂಡ. ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ 290 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುದಾಗಾರವಿದೆ. ಅದೇ ಭಾಗದ ಕೂಡಗಿಯಲ್ಲಿ ತಲಾ 800 ಮೆಗಾವಾಟ್ ಸಾಮರ್ಥ್ಯದ ಮೂರು ಯಂತ್ರಘಟಕಗಳುಳ್ಳ ಉಷ್ಣವಿದ್ಯುತ್ ಸ್ಥಾವರವು 2017 ಮತ್ತು 2018ರಲ್ಲಿ ಹಂತಹಂತವಾಗಿ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿತು.

ಆದರೆ ಕೂಡಗಿಯಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ಪಕ್ಕದ ಹೊಲದ ಪಂಪಿಗೆ ಬರುವುದಿಲ್ಲ. ವಿದ್ಯುತ್ತನ್ನು ದೂರ ಸಾಗಿಸುವಾಗ ತಂತಿಯಲ್ಲಿ ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ವ್ಯರ್ಥವಾಗುತ್ತದೆ. ವೋಲ್ಟೇಜನ್ನು 10 ಪಟ್ಟು ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೆಯ ಒಂದು ಭಾಗದಷ್ಟು ಪ್ರವಾಹದಿಂದ ಸಾಗಿಸಬಹುದು. ಆಗ ಅದೇ ತಂತಿಯಲ್ಲಿ ಆಗುವ ನಷ್ಟವು ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದಕಾರಣ ಸ್ಥಾವರದ ಬಾಗಿಲಲ್ಲೇ ಪರಿವರ್ತಕವೊಂದು ವೋಲ್ಟೇಜನ್ನು 4 ಲಕ್ಷಕ್ಕೆ ಏರಿಸುತ್ತದೆ. ಬಳಿಕ ಅದು ಒಂದೊಂದೇ ಮೆಟ್ಟಿಲಾಗಿ ಇಳಿಯಬೇಕು: 220 ಕಿಲೋವೋಲ್ಟ್, 110 ಕಿಲೋವೋಲ್ಟ್, 33 ಕಿಲೋವೋಲ್ಟ್, 11 ಕಿಲೋವೋಲ್ಟ್, ಕೊನೆಗೆ ಹೊಲದ ಬದುವಿನ ಕಂಬದ ಮೇಲೆ ಕುಳಿತ, ರೈತರು 'ಟಿಸಿ' ಎಂದು ಕರೆಯುವ ಚಿಕ್ಕ ಪರಿವರ್ತಕದಲ್ಲಿ ಪಂಪಿಗೆ ಬೇಕಾದ 400 ವೋಲ್ಟುಗಳ ಆಸುಪಾಸಿಗೆ. ಪ್ರತಿಯೊಂದು ಮೆಟ್ಟಿಲಿನಲ್ಲೂ ಒಂದು ಪರಿವರ್ತಕವುಂಟು. ಒಂದು ಟಿಸಿ ಸುಟ್ಟರೆ ಕೆಲವು ಹೊಲಗಳಿಗೆ ಕಷ್ಟ. ಉಪಕೇಂದ್ರದ ಭಾರಿ ಪರಿವರ್ತಕವೇ ಸುಟ್ಟರೆ ಹತ್ತಾರು ಹಳ್ಳಿಗಳಿಗೆ ಕಷ್ಟ. ಅಂಥದ್ದನ್ನು ಅಂಗಡಿಯಿಂದ ಕೊಂಡುತರುವಂತಿಲ್ಲ. ಹೊಸದನ್ನು ಮಾಡಿಸಿ, ಪರೀಕ್ಷಿಸಿ, ಸಾಗಿಸಿ, ಸ್ಥಾಪಿಸಲು ತಿಂಗಳುಗಳೇ ಬೇಕು.

ಕಾಗದ ಮತ್ತು ಎಣ್ಣೆ

ಪರಿವರ್ತಕದ ತತ್ತ್ವವನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಬದಲಾಗುತ್ತಿದ್ದರೆ ಪಕ್ಕದ ಸುರುಳಿಯಲ್ಲಿ, ಎರಡಕ್ಕೂ ತಂತಿಯ ಸಂಬಂಧವಿಲ್ಲದಿದ್ದರೂ, ವಿದ್ಯುತ್ತು ಪ್ರೇರಿತವಾಗುತ್ತದೆ. ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳನ್ನು ಸುತ್ತಿ, ಅವುಗಳ ಸುತ್ತುಗಳ ಸಂಖ್ಯೆಯನ್ನು ಬೇರೆಬೇರೆಯಾಗಿಸಿದರೆ ವೋಲ್ಟೇಜನ್ನು ಏರಿಸಬಹುದು ಅಥವಾ ಇಳಿಸಬಹುದು. 1885ರಲ್ಲಿ ಬುಡಾಪೆಸ್ಟಿನ ಮೂವರು ಎಂಜಿನಿಯರುಗಳಾದ ಜಿಪೆರ್ನೋವ್‌ಸ್ಕಿ, ಬ್ಲಾತಿ ಮತ್ತು ಡೇರಿ ಇದಕ್ಕೆ ಬಳಕೆಗೆ ಒದಗುವ ರೂಪವನ್ನು ಕೊಟ್ಟರು. ಅದಾದ 17 ವರ್ಷಗಳಲ್ಲಿ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಪರಿವರ್ತಕವಿಲ್ಲದೆ ಆ ಸಾಹಸ ಸಾಧ್ಯವಾಗುತ್ತಿರಲಿಲ್ಲ.

ಅಂದಿನಿಂದ ಇಂದಿನವರೆಗೆ ಪರಿವರ್ತಕದ ಗಾತ್ರ ಬೆಳೆದಿದೆ. ಆದರೆ ಅದರ ಒಳಗಿನ ವಿದ್ಯುತ್ತನ್ನು ಅದರ ಹಾದಿಯಲ್ಲಿಯೇ ಕಟ್ಟಿಹಾಕುವ ವಸ್ತುಗಳು ಇಂದಿಗೂ ಬಹುಮಟ್ಟಿಗೆ ಎರಡೇ: ಕಾಗದ ಮತ್ತು ಎಣ್ಣೆ. ತಾಮ್ರದ ಪಟ್ಟಿಗಳಿಗೆ ಮರದ ತಿರುಳಿನಿಂದ ಮಾಡಿದ ಗಟ್ಟಿಯಾದ ಕಾಗದವನ್ನು ಪದರಪದರವಾಗಿ ಸುತ್ತಿರುತ್ತಾರೆ. ಸುರುಳಿಗಳ ನಡುವೆ ಅದೇ ಜಾತಿಯ ದಪ್ಪ ರಟ್ಟು ನಿಂತಿರುತ್ತದೆ. ಒಳಗಿನ ತೇವವನ್ನೂ ಗಾಳಿಯನ್ನೂ ಹೊರಗೆಳೆದು, ಶುದ್ಧವಾದ ಖನಿಜತೈಲವನ್ನು ತುಂಬುತ್ತಾರೆ. ಎಣ್ಣೆಗೆ ಎರಡು ಕೆಲಸ: ವಿದ್ಯುತ್ತನ್ನು ತಡೆಯುವುದು, ಶಾಖವನ್ನು ಹೊರಗೊಯ್ಯುವುದು.

ಎಣ್ಣೆ ಕೆಟ್ಟರೆ ಸೋಸಬಹುದು, ಬದಲಾಯಿಸಬಹುದು. ಸುರುಳಿಯ ಒಳಪದರಗಳಲ್ಲಿರುವ ಕಾಗದವನ್ನು ಹಾಗೆ ಬದಲಾಯಿಸಲಾಗದು. ಕಾಗದದ ನಾರು ಸಕ್ಕರೆಯ ಜಾತಿಯ ಅಣುಗಳು ಸರಪಳಿಯಂತೆ ಕೂಡಿ ಆದದ್ದು. ಹೊಸ ಕಾಗದದಲ್ಲಿ ಒಂದು ಸರಪಳಿಗೆ ಸರಾಸರಿ 1000ಕ್ಕೂ ಮಿಕ್ಕಿದ ಕೊಂಡಿಗಳಿರುತ್ತವೆ. ಶಾಖ, ತೇವ, ಆಮ್ಲಜನಕಗಳ ದೆಸೆಯಿಂದ ಸರಪಳಿಗಳು ಕಡಿದು ಕೊಂಡಿಗಳ ಸಂಖ್ಯೆ 200ಕ್ಕೆ ಇಳಿದಾಗ ಕಾಗದವು ಹಳೆಯ ಓಲೆಗರಿಯಂತೆ ಮುಟ್ಟಿದರೆ ಮುರಿಯುವ ಸ್ಥಿತಿಗೆ ಬರುತ್ತದೆ. ಸುರುಳಿಯ ಅತಿಹೆಚ್ಚು ಬಿಸಿಯಾದ ಭಾಗದ ಉಷ್ಣಮಾನವು ತನ್ನ ಮಿತಿಯ ಮೇಲೆ 6 ಡಿಗ್ರಿ ಏರಿದರೆ ಸಾಧಾರಣ ಕಾಗದವು ಮುಪ್ಪಾಗುವ ವೇಗವು ಇಮ್ಮಡಿಯಾಗುತ್ತದೆಂದು ಲೆಕ್ಕಹಾಕುತ್ತಾರೆ. ಹೊರಗೆ 40 ಡಿಗ್ರಿಯ ಬಿಸಿಲಿದ್ದು, ಎಲ್ಲ ಪಂಪುಗಳೂ ಒಟ್ಟಿಗೆ ನಡೆಯುವ ಕಾಲದಲ್ಲಿ ಪರಿವರ್ತಕದ ಕಾಗದವು ಯಾವ ಪರೀಕ್ಷೆಗೆ ಒಳಗಾಗುತ್ತದೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಗುಳ್ಳೆಯೊಳಗಿನ ಕಿಡಿ

ಈಗ ಕೇಡು ಹೇಗೆ ಮೊಳೆಯುತ್ತದೆಂಬುದನ್ನು ನೋಡೋಣ. ರಟ್ಟಿನ ಪದರಗಳ ನಡುವೆ ಎಣ್ಣೆ ಪೂರ್ತಿ ಹೀರಿಕೊಳ್ಳದೆ ಒಂದು ಸಣ್ಣ ಗಾಳಿಯ ಗುಳ್ಳೆ ಉಳಿದಿದೆಯೆಂದು ಭಾವಿಸಿರಿ. ಅಥವಾ ಮಿತಿಮೀರಿದ ಶಾಖದಿಂದ ಕಾಗದದ ತೇವ ಆವಿಯಾಗಿ ಗುಳ್ಳೆಯೊಂದು ಹುಟ್ಟಿದೆಯೆಂದು ಭಾವಿಸಿರಿ. ವಿದ್ಯುತ್ ಕ್ಷೇತ್ರದಲ್ಲಿಟ್ಟ ಕಾಗದ ಮತ್ತು ಎಣ್ಣೆಯ ಅಣುಗಳು ಆ ಕ್ಷೇತ್ರಕ್ಕೆ ತಕ್ಕಂತೆ ಸ್ವಲ್ಪ ಹೊರಳಿ, ಅದನ್ನು ತಮ್ಮೊಳಗೆ ತಗ್ಗಿಸುತ್ತವೆ. ಗುಳ್ಳೆಯಲ್ಲಿರುವ ಅನಿಲಕ್ಕೆ ಈ ಗುಣವು ಇಲ್ಲವೆಂದೇ ಹೇಳಬೇಕು. ಇದರ ಫಲವಾಗಿ, ತೆಳ್ಳಗೆ ಚಪ್ಪಟೆಯಾದ ಗುಳ್ಳೆಯೊಳಗೆ ವಿದ್ಯುತ್ ಕ್ಷೇತ್ರವು ಸುತ್ತಲಿನ ಎಣ್ಣೆ ಕುಡಿದ ಕಾಗದಕ್ಕಿಂತ ಸುಮಾರು 4 ಪಟ್ಟು ತೀವ್ರವಾಗಿರುತ್ತದೆ. ಇತ್ತ ತಡೆದುಕೊಳ್ಳುವ ಶಕ್ತಿಯಾದರೋ ಗಾಳಿಗೆ ಎಲ್ಲಕ್ಕಿಂತ ಕಡಿಮೆ. ಒಂದು ಮಿಲಿಮೀಟರಿಗೆ ಸುಮಾರು 3000 ವೋಲ್ಟಾದರೆ ಗಾಳಿ ಸೋಲುತ್ತದೆ. ಎಲ್ಲರಿಗಿಂತ ದುರ್ಬಲನಾದವನ ಹೆಗಲಿಗೆ ಎಲ್ಲರಿಗಿಂತ ಹೆಚ್ಚಿನ ಹೊರೆ ಬಿದ್ದಂತಾಯಿತು!

ವೋಲ್ಟೇಜು ಏರುತ್ತ ಹೋದಂತೆ ಒಂದು ಕ್ಷಣದಲ್ಲಿ ಗುಳ್ಳೆಯೊಳಗೆ ಕಿಡಿ ಹಾರುತ್ತದೆ. ಆದರೆ ಸುತ್ತಲಿನ ಕಾಗದ ಗಟ್ಟಿಯಾಗಿರುವುದರಿಂದ ಕಿಡಿಯು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲಾರದು. ಗುಳ್ಳೆಯ ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದೆ. ಗೋಡೆಯ ಮೇಲೆ ಸಂಗ್ರಹವಾದ ವಿದ್ಯುದಾವೇಶವು ಹೊರಗಿನ ಕ್ಷೇತ್ರವನ್ನು ಎದುರಿಸಿ ಕಿಡಿಯನ್ನು ನಂದಿಸಿಬಿಡುತ್ತದೆ. ಆದ್ದರಿಂದಲೇ ಇದನ್ನು 'ಆಂಶಿಕ ವಿಸರ್ಜನೆ' ಎಂದು ಕರೆಯುತ್ತಾರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುತ್ತದಷ್ಟೆ. ದಿಕ್ಕು ಬದಲಾದಾಗ ಕಿಡಿ ಮತ್ತೆ ಹಾರುತ್ತದೆ. ಅರ್ಧ ಆವರ್ತಕ್ಕೆ ಒಂದೇ ಕಿಡಿ ಎಂದಿಟ್ಟುಕೊಂಡರೂ ಒಂದು ದಿನಕ್ಕೆ 86 ಲಕ್ಷದ 40 ಸಾವಿರ ಕಿಡಿಗಳಾದುವು.

ಪ್ರತಿಯೊಂದು ಕಿಡಿಯೂ ಅತ್ಯಲ್ಪವಾದದ್ದು. ಅದರ ಆವೇಶವನ್ನು ಪೈಕೊಕೂಲಂಗಳಲ್ಲಿ, ಎಂದರೆ ಒಂದು ಕೂಲಂನ ಲಕ್ಷ ಕೋಟಿಯ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ಆದರೆ ಹನಿಹನಿಯಾಗಿ ಬಿದ್ದ ನೀರು ಕಲ್ಲನ್ನು ಕೊರೆಯುವಂತೆ, ದಿನಕ್ಕೆ ಲಕ್ಷಗಟ್ಟಲೆ ಸಲ ಬಡಿಯುವ ಕಿಡಿಯು ಕಾಗದವನ್ನು ಸುಟ್ಟು ಇದ್ದಿಲಾಗಿಸುತ್ತದೆ. ಇದ್ದಿಲು ವಿದ್ಯುದ್ವಾಹಕ. ರಟ್ಟಿನ ಮೈಮೇಲೆ ಆ ಕಪ್ಪು ಗೆರೆಗಳು ಮರದ ಕೊಂಬೆಗಳಂತೆ ಕವಲೊಡೆದು ಹಬ್ಬುತ್ತವೆ. ಜರ್ಮನಿಯ ಲಿಖ್ಟೆನ್‌ಬರ್ಗನು 1777ರಲ್ಲಿ ಧೂಳಿನ ಮೇಲೆ ವಿದ್ಯುತ್ತು ಬರೆದ ಇಂಥವೇ ಕೊಂಬೆಗಳನ್ನು ಕಂಡು ಬೆರಗಾಗಿದ್ದನು. ಕೊಂಬೆಯು ಒಂದು ಸುರುಳಿಯಿಂದ ಇನ್ನೊಂದಕ್ಕೆ, ಇಲ್ಲವೇ ಭೂಸಂಪರ್ಕವುಳ್ಳ ಲೋಹಕ್ಕೆ ಮುಟ್ಟಿದ ದಿನ ಆಂಶಿಕವಾದದ್ದು ಪೂರ್ಣವಾಗುತ್ತದೆ. ಆಗಿನದು ಕಿಡಿಯಲ್ಲ, ಉರಿಯುವ ವಿದ್ಯುಚ್ಚಾಪ. ಸುತ್ತಲೂ ಇರುವುದು ಎಣ್ಣೆ. ತೊಟ್ಟಿ ಸಿಡಿಯುವುದೂ ಬೆಂಕಿ ಏಳುವುದೂ ಹೀಗೆ.

ಮೊದಲ ಕಿಡಿಗೂ ಈ ಅಂತ್ಯಕ್ಕೂ ನಡುವೆ ದಿನಗಳೋ ತಿಂಗಳುಗಳೋ, ಕೆಲವೊಮ್ಮೆ ವರ್ಷಗಳೋ ಕಳೆಯುತ್ತವೆ. ಪರಿವರ್ತಕವನ್ನು ಉಳಿಸಿಕೊಳ್ಳಲು ಎಂಜಿನಿಯರಿಗೆ ದೊರೆಯುವ ಅವಕಾಶ ಇದೊಂದೇ.

ಹಳೆಯ ಉಪಾಯಗಳು

ಈ ಅವಧಿಯಲ್ಲಿ ರೋಗವನ್ನು ಗುರುತಿಸಲು ಹಿಂದಿನಿಂದಲೂ ಉಪಾಯಗಳಿವೆ. ಜರ್ಮನಿಯ ಮ್ಯಾಕ್ಸ್ ಬುಖೋಲ್ಟ್ಸನು 1921ರಲ್ಲಿ ರೂಪಿಸಿದ ಸಾಧನವು ಇಂದಿಗೂ ದೊಡ್ಡ ಪರಿವರ್ತಕಗಳ ಮೇಲೆ ಕುಳಿತು ಕಾವಲು ಕಾಯುತ್ತಿದೆ. ತೊಟ್ಟಿಯಿಂದ ಮೇಲಿನ ಎಣ್ಣೆಯ ಡಬ್ಬಿಗೆ ಹೋಗುವ ಕೊಳವೆಯಲ್ಲಿ ಅದರ ವಾಸ. ಕೆಳಗೆ ಎಣ್ಣೆ ಸುಟ್ಟು ಅನಿಲದ ಗುಳ್ಳೆಗಳು ಮೇಲೇರಿದರೆ ಅದರೊಳಗಿನ ತೇಲುಬುರುಡೆ ಇಳಿದು ಗಂಟೆ ಬಾರಿಸುತ್ತದೆ. ಎಣ್ಣೆ ರಭಸವಾಗಿ ನುಗ್ಗಿದರೆ ವಿದ್ಯುತ್ತನ್ನೇ ಕಡಿದುಬಿಡುತ್ತದೆ. ಆದರೆ ಗುಳ್ಳೆಗಳು ಏಳುವಷ್ಟರಲ್ಲಿ ಕೇಡು ಸಾಕಷ್ಟು ಮುಂದುವರಿದಿರುತ್ತದೆ.

ಎರಡನೆಯದು ಎಣ್ಣೆಯ ಪರೀಕ್ಷೆ. ವೈದ್ಯರು ರಕ್ತವನ್ನು ಪರೀಕ್ಷಿಸುವಂತೆ ಇಲ್ಲಿ ಎಣ್ಣೆಯ ಮಾದರಿಯನ್ನು ತೆಗೆದು, ಅದರಲ್ಲಿ ಕರಗಿರುವ ಅನಿಲಗಳನ್ನು ಬೇರ್ಪಡಿಸಿ ಅಳೆಯುತ್ತಾರೆ. ಆಂಶಿಕ ವಿಸರ್ಜನೆಯಿದ್ದರೆ ಜಲಜನಕ ಹೆಚ್ಚು. ಲೋಹದ ಕೀಲುಗಳು ಕಾದಿದ್ದರೆ ಎಥಿಲೀನ್ ಹೆಚ್ಚು. ವಿದ್ಯುಚ್ಚಾಪವಿದ್ದರೆ ಅಸೆಟಿಲೀನ್ ಕಾಣಿಸಿಕೊಳ್ಳುತ್ತದೆ. ಕಾಗದ ಬೆಂದಿದ್ದರೆ ಇಂಗಾಲದ ಆಕ್ಸೈಡುಗಳು ಏರುತ್ತವೆ. ಬಹಳ ನಂಬಿಕೆಗೆ ಅರ್ಹವಾದ ಪರೀಕ್ಷೆ ಇದು. ಆದರೆ ಸಾವಿರಾರು ಲೀಟರ್ ಎಣ್ಣೆಯಲ್ಲಿ ಅನಿಲ ಹರಡಿ ಅಳತೆಗೆ ಸಿಕ್ಕುವಷ್ಟಾಗಲು ಕಾಲ ಬೇಕು. ರೋಗ ಯಾವುದೆಂದು ಇದು ಹೇಳುತ್ತದೆಯೇ ಹೊರತು ಯಾವ ಅಂಗದಲ್ಲಿದೆಯೆಂದು ಹೇಳುವುದಿಲ್ಲ.

ಮೂರನೆಯದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮಾಡುವ ವಿದ್ಯುತ್ ಪರೀಕ್ಷೆ. ಹೊಸ ಪರಿವರ್ತಕಕ್ಕೆ ವಾಡಿಕೆಗಿಂತ ಹೆಚ್ಚಿನ ವೋಲ್ಟೇಜನ್ನು ಒಂದು ಗಂಟೆಯ ಕಾಲ ಕೊಟ್ಟು ವಿಸರ್ಜನೆಯ ಆವೇಶವನ್ನು ನೇರವಾಗಿ ಅಳೆಯುತ್ತಾರೆ. ಅಂತಾರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗವು 2013ರಲ್ಲಿ ಪ್ರಕಟಿಸಿದ ಮಾನಕದಂತೆ ಅದು 250 ಪೈಕೊಕೂಲಂ ಮೀರಬಾರದು. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ವಿದ್ಯುತ್ ಸಲಕರಣೆಗಳ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು. ಆದರೆ ಪ್ರಯೋಗಾಲಯದ ಗೋಡೆಗಳು ಹೊರಗಿನ ಗದ್ದಲವನ್ನು ತಡೆಯುವಂತೆ ಕಟ್ಟಿದವು. ಬಯಲಿನಲ್ಲಿರುವ ಉಪಕೇಂದ್ರದಲ್ಲಿ ತಂತಿಗಳ ಸುತ್ತ ಗಾಳಿಯಲ್ಲಿಯೇ ಸಣ್ಣ ವಿಸರ್ಜನೆಗಳು ಸದಾ ನಡೆಯುತ್ತಿರುತ್ತವೆ. ಮಳೆಯ ದಿನ ಉಪಕೇಂದ್ರದ ಬಳಿ ನಿಂತವರು ಆ ಸರಸರ ಸದ್ದನ್ನು ಕೇಳಿಯೇ ಇರುತ್ತಾರೆ. ಪರಿವರ್ತಕದ ಒಳಗಿನ ಕ್ಷೀಣವಾದ ಸೂಚನೆಯು ಈ ಗದ್ದಲದಲ್ಲಿ, ಜಾತ್ರೆಯಲ್ಲಿ ಆಡಿದ ಪಿಸುಮಾತಿನಂತೆ ಕಳೆದುಹೋಗುತ್ತದೆ.

ರೇಡಿಯೋ ಕಿವಿ

ಈ ತೊಡಕನ್ನು ಬಿಡಿಸಿದ್ದು ರೇಡಿಯೋ ತರಂಗಗಳು. ರೇಡಿಯೋ ವಿಜ್ಞಾನ ಹುಟ್ಟಿದ್ದೇ ಕಿಡಿಯಿಂದ ಎಂಬುದನ್ನು ಇಲ್ಲಿ ನೆನೆಯಬೇಕು. ಹೈನ್‌ರಿಖ್ ಹರ್ಟ್ಸನು 1887ರಲ್ಲಿ ಎರಡು ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ, ಕೋಣೆಯ ಇನ್ನೊಂದು ಕಡೆಯಲ್ಲಿದ್ದ ತಂತಿಯ ಬಳೆಯಲ್ಲಿ ಪ್ರತಿಕಿಡಿಯನ್ನು ಕಂಡನು. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಂಥ ತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆಯನ್ನು ಬಾರಿಸಿದರು. ಅಂದು ಬೇಕೆಂದು ಹುಟ್ಟಿಸಿದ ಕಿಡಿಯು ಇಲ್ಲಿ ಬೇಡವಾದರೂ ಹುಟ್ಟುತ್ತದೆ, ವ್ಯತ್ಯಾಸ ಇಷ್ಟೆ.

ಕಿಡಿಯು ಎಂಥ ತರಂಗಗಳನ್ನು ಹೊಮ್ಮಿಸುತ್ತದೆಂಬುದು ಅದು ಎಷ್ಟು ಥಟ್ಟನೆ ಹಾರುತ್ತದೆಂಬುದನ್ನು ಅವಲಂಬಿಸಿದೆ. ತಾಮ್ರದ ಕೊಡವನ್ನು ಬಟ್ಟೆ ಸುತ್ತಿದ ಕೋಲಿನಿಂದ ಬಡಿದರೆ ಮಂದವಾದ ಧ್ವನಿ ಬರುತ್ತದೆ. ಅದನ್ನೇ ಮೊಳೆಯ ತುದಿಯಿಂದ ತಟ್ಟಿದರೆ ಕಿಣಿಕಿಣಿಯೆಂಬ ಹೆಚ್ಚಿನ ಸ್ವರಗಳು ಹೊರಡುತ್ತವೆ. ಪೆಟ್ಟು ಚುರುಕಾದಷ್ಟೂ ಆವರ್ತಾಂಕ ಹೆಚ್ಚು. ಎಣ್ಣೆಯೊಳಗಿನ ವಿಸರ್ಜನೆಯು ಸೆಕೆಂಡಿನ ನೂರು ಕೋಟಿಯ ಒಂದು ಭಾಗ, ಎಂದರೆ ಒಂದು ನ್ಯಾನೊಸೆಕೆಂಡು, ಅಥವಾ ಅದಕ್ಕಿಂತಲೂ ಅಲ್ಪಕಾಲದಲ್ಲಿ ತನ್ನ ತುದಿಗೆ ಏರಬಲ್ಲದು. ಅದರ ತರಂಗಗಳು ನೂರಾರು ಮೆಗಾಹರ್ಟ್ಸ್‌ವರೆಗೆ, ಸಾವಿರವನ್ನೂ ದಾಟಿ, ಹಬ್ಬುತ್ತವೆ. ಗಾಳಿಯಲ್ಲಿ ತಂತಿಗಳ ಸುತ್ತ ಆಗುವ ವಿಸರ್ಜನೆಯು ಇದಕ್ಕಿಂತ ನಿಧಾನವಾದದ್ದು. ಅದರ ಶಕ್ತಿಯೆಲ್ಲ ಬಹುಮಟ್ಟಿಗೆ ಕೆಳಗಿನ ಆವರ್ತಾಂಕಗಳಲ್ಲಿಯೇ ಮುಗಿದುಹೋಗುತ್ತದೆ. ಆದ್ದರಿಂದ 300ರಿಂದ 3000 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಿವಿಗೊಟ್ಟರೆ ಹೊರಗಿನ ಗದ್ದಲ ತಗ್ಗಿ ಒಳಗಿನ ಸೂಚನೆ ತಿಳಿಯಾಗುತ್ತದೆ.

ಇನ್ನೊಂದು ಅನುಕೂಲವನ್ನು ಪರಿವರ್ತಕದ ತೊಟ್ಟಿಯೇ ಒದಗಿಸುತ್ತದೆ. ಲೋಹದ ಮುಚ್ಚಿದ ಪೆಟ್ಟಿಗೆಯೊಳಗೆ ಹೊರಗಿನ ವಿದ್ಯುತ್ ಪ್ರಭಾವ ಪ್ರವೇಶಿಸದೆಂದು ಫ್ಯಾರಡೆಯು 1836ರಲ್ಲಿ ತೋರಿಸಿದ್ದನು. ಉಕ್ಕಿನ ತೊಟ್ಟಿಯು ಹೊರಗಿನ ತರಂಗಗಳನ್ನು ಹೊರಗೇ ನಿಲ್ಲಿಸುತ್ತದೆ. ಒಳಗೆ ಹುಟ್ಟಿದವು ಗೋಡೆಯಿಂದ ಗೋಡೆಗೆ ಚಿಮ್ಮುತ್ತ ಒಳಗೇ ಮೊಳಗುತ್ತವೆ. ಹಾಗಾದರೆ ಕಿವಿಯನ್ನೂ ಒಳಗೇ ಇಡಬೇಕು. ಇದಕ್ಕೆ ಎರಡು ಮಾರ್ಗಗಳಿವೆ. ಹೊಸ ಪರಿವರ್ತಕವಾದರೆ ತೊಟ್ಟಿಯ ಗೋಡೆಯಲ್ಲಿ ಲೋಹವಲ್ಲದ ಕಿಟಕಿಯೊಂದನ್ನು ಬಿಟ್ಟು ಅದರ ಹಿಂದೆ ಅಂಗೈಯಗಲದ ಗ್ರಾಹಕವನ್ನು ಕೂರಿಸುತ್ತಾರೆ. ಈಗಾಗಲೇ ಕೆಲಸದಲ್ಲಿರುವ ಪರಿವರ್ತಕವಾದರೆ ಎಣ್ಣೆ ತೆಗೆಯುವ ನಳದ ಮೂಲಕ, ಎಣ್ಣೆ ಚೆಲ್ಲದಂತೆ, ಉದ್ದವಾದ ಸರಳಿನ ತುದಿಯಲ್ಲಿ ಗ್ರಾಹಕವನ್ನು ಒಳಗೆ ತೂರಿಸುತ್ತಾರೆ. ಅಲ್ಲಿಂದ ತಂತಿಯೊಂದು ಹೊರಬಂದು ವರ್ಧಕ ಮತ್ತು ಲೆಕ್ಕಯಂತ್ರಗಳಿಗೆ ಸೂಚನೆಯನ್ನು ಒಯ್ಯುತ್ತದೆ.

ಈ ವಿಧಾನವನ್ನು ಮೊದಲು ಬಳಕೆಗೆ ತಂದದ್ದು ಪರಿವರ್ತಕಗಳಿಗಲ್ಲ. ಅನಿಲ ತುಂಬಿದ ಲೋಹದ ಕೊಳವೆಗಳೊಳಗೆ ಅಡಗಿಸಿದ ಉಪಕೇಂದ್ರಗಳಲ್ಲಿ 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಇದನ್ನು ಬೆಳೆಸಿದರು. ಅಲ್ಲಿ ಫಲಕಾರಿಯಾದದ್ದನ್ನು ಕಂಡು ಬಳಿಕ ಎಣ್ಣೆಯ ಪರಿವರ್ತಕಗಳಿಗೂ ಅಳವಡಿಸಿದರು.

ಸೂಚನೆಯನ್ನು ಓದುವ ಬಗೆ

ಸೂಚನೆ ಕೇಳಿಸಿದರಾಯಿತೇ? ಅದರ ಅರ್ಥವೂ ಆಗಬೇಕು. ಪ್ರತಿಯೊಂದು ಸ್ಪಂದನವು ವೋಲ್ಟೇಜಿನ ಆವರ್ತದಲ್ಲಿ ಯಾವ ಗಳಿಗೆಯಲ್ಲಿ ಬಂತೆಂಬುದನ್ನು ಗುರುತಿಸಿ, ಸಾವಿರಾರು ಸ್ಪಂದನಗಳನ್ನು ಒಂದೇ ಚಿತ್ರದಲ್ಲಿ ಚುಕ್ಕೆಗಳಾಗಿ ಇಡುತ್ತಾರೆ. ಕಾಗದದೊಳಗಿನ ಗುಳ್ಳೆಯ ಕಿಡಿಗಳು ವೋಲ್ಟೇಜು ಏರುತ್ತಿರುವ ಹೊತ್ತಿನಲ್ಲಿ, ಎರಡು ಅರ್ಧಾವರ್ತಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಗುಂಪುಗೂಡುತ್ತವೆ. ಲೋಹದ ಚೂಪಾದ ಮುಳ್ಳಿನಿಂದ ಹೊರಡುವ ವಿಸರ್ಜನೆಯು ವೋಲ್ಟೇಜಿನ ಶಿಖರದ ಬಳಿ, ಬಹುಶಃ ಒಂದೇ ಪಕ್ಕದಲ್ಲಿ ಕಾಣುತ್ತದೆ. ಸಡಿಲವಾಗಿ ಸಂಪರ್ಕ ತಪ್ಪಿದ ಲೋಹದ ತುಣುಕಾದರೆ ಒಂದೇ ಎತ್ತರದ ಸ್ಪಂದನಗಳು ಸಾಲಾಗಿ ನಿಲ್ಲುತ್ತವೆ. ಪಕ್ಕದ ಮೊಬೈಲ್ ಗೋಪುರದ ತರಂಗಗಳು ಹೇಗೋ ನುಸುಳಿ ಬಂದರೂ ಅವುಗಳಿಗೆ 50 ಆವರ್ತಗಳ ಲಯದ ಹಂಗಿಲ್ಲವಾದ್ದರಿಂದ ಚಿತ್ರದ ಉದ್ದಕ್ಕೂ ಚೆದರಿಹೋಗುತ್ತವೆ. ಮದುವೆಯ ಮನೆಯ ಗಲಾಟೆಯಲ್ಲೂ ತಾಳವನ್ನು ಹಿಡಿದು ಹಾಡನ್ನು ಗುರುತಿಸುವಂತೆ ಇದು.

ರೋಗದ ಸ್ಥಾನವನ್ನು ಹೇಳುವ ಶಕ್ತಿ ಈ ವಿಧಾನದ ದೊಡ್ಡ ಗುಣ. ಎಣ್ಣೆಯಲ್ಲಿ ರೇಡಿಯೋ ತರಂಗವು ಒಂದು ನ್ಯಾನೊಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಚಲಿಸುತ್ತದೆ. ತೊಟ್ಟಿಯ ಎರಡು ಕಡೆ ಎರಡು ಗ್ರಾಹಕಗಳಿವೆಯೆಂದೂ ಒಂದೇ ಸ್ಪಂದನವು ಎಡಗಡೆಯದಕ್ಕೆ 3 ನ್ಯಾನೊಸೆಕೆಂಡು ಮೊದಲು ತಲುಪಿತೆಂದೂ ಇಟ್ಟುಕೊಳ್ಳಿ. ಆಗ ಕಿಡಿಯು ಬಲಗಡೆಯದಕ್ಕಿಂತ ಎಡಗಡೆಯದಕ್ಕೆ 60 ಸೆಂಟಿಮೀಟರ್ ಹತ್ತಿರದಲ್ಲಿದೆ ಎಂದಾಯಿತು. ಇಷ್ಟರಿಂದ ಜಾಗ ಖಚಿತವಾಗದು. ಆದರೆ ನಾಲ್ಕು ಗ್ರಾಹಕಗಳಿದ್ದರೆ ಇಂಥ ಅಂತರಗಳನ್ನು ಕೂಡಿಸಿ ತೊಟ್ಟಿಯೊಳಗಿನ ಒಂದು ಪುಟ್ಟ ಪ್ರದೇಶವನ್ನು ಬೆರಳಿಟ್ಟು ತೋರಿಸಬಹುದು.

ಶಬ್ದವನ್ನೂ ಇದಕ್ಕೆ ಜೊತೆಗೂಡಿಸುತ್ತಾರೆ. ಕಿಡಿಯು ಮಿಂಚಿನಂತೆ ತರಂಗವನ್ನೂ ಗುಡುಗಿನಂತೆ ಶಬ್ದವನ್ನೂ ಹೊರಡಿಸುತ್ತದೆ. ಎಣ್ಣೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1400 ಮೀಟರ್. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಕೆ ಮಾಡಿ ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಹೇಳುವ ಹಳ್ಳಿಯ ಹಿರಿಯರ ಲೆಕ್ಕವೇ ಇಲ್ಲಿಯದೂ. ರೇಡಿಯೋ ಸೂಚನೆ ಬಂದ ಬಳಿಕ ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಕಳೆದು ತೊಟ್ಟಿಯ ಗೋಡೆಗೆ ಅಂಟಿಸಿದ ಶಬ್ದಗ್ರಾಹಕಕ್ಕೆ ಸದ್ದು ಮುಟ್ಟಿದರೆ, ಶಬ್ದವು ನೇರವಾಗಿ ಎಣ್ಣೆಯ ಮೂಲಕ ಬಂದಿದ್ದಲ್ಲಿ, ಕಿಡಿಯು ಅಲ್ಲಿಂದ 70 ಸೆಂಟಿಮೀಟರ್ ದೂರದಲ್ಲಿದೆ. ಸ್ಥಾನ ತಿಳಿದರೆ ರಿಪೇರಿ ಮಾಡಬಹುದಾದ ಜಾಗವೇ ಅಥವಾ ಸುರುಳಿಯನ್ನೇ ಬಿಚ್ಚಬೇಕಾದ ಜಾಗವೇ ಎಂಬುದೂ ತಿಳಿಯುತ್ತದೆ.

ಮಿತಿಗಳು ಮತ್ತು ನಿರ್ಧಾರ

ಈ ವಿಧಾನದ ಮಿತಿಗಳನ್ನು ಮುಚ್ಚಿಡುವುದು ತರವಲ್ಲ. ರೇಡಿಯೋ ಸೂಚನೆಯ ಬಲವನ್ನು ನೋಡಿ ಇಷ್ಟೇ ಪೈಕೊಕೂಲಂ ಎಂದು ನೇರವಾಗಿ ಹೇಳಲಾಗದು. ಸುರುಳಿಗಳ ಆಳದಲ್ಲಿ ಹುಟ್ಟಿದ ದೊಡ್ಡ ಕಿಡಿಯು ದಾರಿಯಲ್ಲಿ ಕ್ಷೀಣಿಸಿ ಚಿಕ್ಕದಾಗಿ ಕೇಳಿಸಬಹುದು, ಗ್ರಾಹಕದ ಪಕ್ಕದ ಚಿಕ್ಕ ಕಿಡಿಯು ದೊಡ್ಡದಾಗಿ ಕೇಳಿಸಬಹುದು. ಎಲ್ಲ ಕೇಡುಗಳೂ ಕಿಡಿ ಹಾರಿಸುವುದಿಲ್ಲ. ಸಡಿಲವಾದ ಕೀಲೊಂದು ಸದ್ದಿಲ್ಲದೆ ಕಾದು ಎಣ್ಣೆಯನ್ನು ಬೇಯಿಸುತ್ತಿದ್ದರೆ ರೇಡಿಯೋ ಕಿವಿಗೆ ಏನೂ ತಿಳಿಯದು. ಆದ್ದರಿಂದ ಸದ್ದಿಲ್ಲವೆಂದ ಮಾತ್ರಕ್ಕೆ ಪರಿವರ್ತಕವು ಆರೋಗ್ಯವಾಗಿದೆಯೆಂದು ತಿಳಿಯಬಾರದು. ಎಣ್ಣೆಯ ಪರೀಕ್ಷೆಯನ್ನು ಇದು ತಳ್ಳಿಹಾಕುವುದಿಲ್ಲ, ಅದಕ್ಕೆ ನೆರವಾಗುತ್ತದೆ. ಒಂದು ದಿನದ ಅಳತೆಗಿಂತ ತಿಂಗಳುಗಳ ಉದ್ದಕ್ಕೂ ಸೂಚನೆ ಹೇಗೆ ಬದಲಾಗುತ್ತಿದೆಯೆಂಬುದು ಹೆಚ್ಚು ಬೆಲೆಯುಳ್ಳದ್ದು.

ಯಂತ್ರವು ಸೂಚನೆಯನ್ನು ಕೊಡುತ್ತದೆ. ನಿರ್ಧಾರವನ್ನು ಮನುಷ್ಯನೇ ಮಾಡಬೇಕು. ಏಪ್ರಿಲ್ ತಿಂಗಳ ನಡುಮಧ್ಯದಲ್ಲಿ ಉಪಕೇಂದ್ರದ ಪರಿವರ್ತಕವೊಂದರ ಕಿಡಿಗಳು ವಾರದಿಂದ ವಾರಕ್ಕೆ ಹೆಚ್ಚುತ್ತಿವೆಯೆಂದು ಊಹಿಸಿರಿ. ಈಗಲೇ ನಿಲ್ಲಿಸಿ ತೆರೆದು ನೋಡಿದರೆ ಕೆಲವು ದಿನ ಸುತ್ತಲಿನ ಹಳ್ಳಿಗಳಿಗೆ ನೀರಿನ ತೊಂದರೆ ತಪ್ಪದು. ಜನರ ಕೋಪವನ್ನೂ ಎದುರಿಸಬೇಕು. ಮಳೆಗಾಲದವರೆಗೆ ದೂಡೋಣವೆಂದರೆ, ಅಷ್ಟರೊಳಗೆ ಸಿಡಿದರೆ ತಿಂಗಳುಗಟ್ಟಲೆಯ ಕತ್ತಲೆ. ಹತ್ತಿರ ಕೆಲಸ ಮಾಡುವವರ ಪ್ರಾಣಕ್ಕೂ ಅಪಾಯ. ಕೇಡಿನ ಬಗೆ, ಸ್ಥಾನ, ಬೆಳೆಯುವ ವೇಗ ಇವು ಮೂರೂ ತಿಳಿದಿದ್ದರೆ ಮೂರನೆಯ ದಾರಿಯೊಂದು ತೆರೆದುಕೊಳ್ಳುತ್ತದೆ: ಹೊರೆಯನ್ನು ತಗ್ಗಿಸಿ, ಪಕ್ಕದ ಉಪಕೇಂದ್ರದಿಂದ ಒಂದು ಭಾಗಕ್ಕೆ ವಿದ್ಯುತ್ತನ್ನು ಹೊಂದಿಸಿ, ದಿನವನ್ನು ಮೊದಲೇ ಸಾರಿ, ರೈತರು ತೊಟ್ಟಿಗಳನ್ನು ತುಂಬಿಸಿಕೊಂಡ ಮೇಲೆ ದುರಸ್ತಿಗೆ ಕೈಹಾಕುವುದು. ಮುನ್ಸೂಚನೆಯಿಂದ ನಮಗೆ ದೊರೆಯುವ ನಿಜವಾದ ಲಾಭ ಈ ಕಾಲಾವಕಾಶ.

ಇನ್ನು ಹೊಲದ ಬದುವಿನ ಟಿಸಿಯ ಮಾತು. ಅಂಥ ಪ್ರತಿಯೊಂದಕ್ಕೂ ರೇಡಿಯೋ ಕಿವಿಯನ್ನಿಡುವುದು ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ. ಹಾಗೆ ಇಡಬೇಕಾದ ಅಗತ್ಯವೂ ಇಲ್ಲ. ಅವು ಸುಡುವುದು ಹೆಚ್ಚಾಗಿ ಸ್ಥೂಲವಾದ ಕಾರಣಗಳಿಂದ: ಶಕ್ತಿಗೆ ಮೀರಿದ ಪಂಪುಗಳ ಹೊರೆ, ಸೋರಿ ತಗ್ಗಿದ ಎಣ್ಣೆ, ಒಳಸೇರಿದ ತೇವ, ಸಿಡಿಲಿನ ಹೊಡೆತ, ಕೆಟ್ಟ ಭೂಸಂಪರ್ಕ. ಉಸಿರಾಟದ ಡಬ್ಬಿಯಲ್ಲಿರುವ ನೀಲಿಯ ಹರಳುಗಳು ತೇವ ಹೀರಿ ಗುಲಾಬಿಯ ಬಣ್ಣಕ್ಕೆ ತಿರುಗಿದರೆ, ಅಥವಾ ತೊಟ್ಟಿಯ ಕೆಳಗೆ ಎಣ್ಣೆಯ ಕಲೆ ಕಂಡರೆ, ದೂರದಿಂದಲೇ ನೋಡಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿಗೆ ತಿಳಿಸುವುದು ರೈತನು ಮಾಡಬಹುದಾದ ಅತ್ಯುತ್ತಮ ಸಹಾಯ. ಎಷ್ಟೇ ಅವಸರವಿರಲಿ, ತಾನೇ ಕಂಬವನ್ನು ಹತ್ತುವುದೂ ಫ್ಯೂಸನ್ನು ಮುಟ್ಟುವುದೂ ಕೂಡದು. ಒಂದು ಫಸಲನ್ನು ಉಳಿಸಹೋಗಿ ಜೀವವನ್ನು ಕಳೆದುಕೊಂಡವರ ಸಂಗತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಚಿಕ್ಕದಕ್ಕೆ ಕಣ್ಣಿನ ಕಾವಲು ಸಾಕು. ದೊಡ್ಡದಕ್ಕೆ ರೇಡಿಯೋ ಕಿವಿ ಬೇಕು. ಇನ್ನೊಮ್ಮೆ ಮಳೆಗಾಲದ ಮುನ್ನ ಮನೆಯ ರೇಡಿಯೋ ಕರಕರ ಎಂದಾಗ ವಾಚಕರು ಬೇಸರಿಸದೆ ಒಂದು ಕ್ಷಣ ಕಿವಿಗೊಡಲಿ. ದೂರದ ಮಿಂಚನ್ನು ನಮಗೆ ತಿಳಿಸುವ ತತ್ತ್ವವೇ ಉಪಕೇಂದ್ರದ ಉಕ್ಕಿನ ತೊಟ್ಟಿಯೊಳಗೆ, ಅಂಗುಲದ ನೂರನೆಯ ಭಾಗದಷ್ಟು ಗುಳ್ಳೆಯಲ್ಲಿ ಹಾರಿದ ಕಿಡಿಯನ್ನೂ ತಿಳಿಸುತ್ತದೆ. ಸಮಯಕ್ಕೆ ಸರಿಯಾಗಿ ತಿಳಿದರೆ ಬೇಸಿಗೆಯಲ್ಲಿ ತೋಟಕ್ಕೆ ನೀರು ಹರಿಯುವುದು ನಿಲ್ಲಬೇಕಾಗಿಲ್ಲ.